ನಂದಿ ಬೆಟ್ಟದ ತಪ್ಪಲಿನ ಬಿಳಿ ವೈನ್: ವರ್ಷ ನೋಡಿ ಕೊಳ್ಳಿ
ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ವೈನ್ ಕಂಪನಿಯ ಸಾವಿನ್ಯೋ ಬ್ಲಾಂ (ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ತಗೊಳ್ಳುವಾಗ ಲೇಬಲ್ ಮೇಲಿನ ವರ್ಷ, ಅಂದರೆ ದ್ರಾಕ್ಷಿ ಕೊಯ್ದ ವರ್ಷ ನೋಡಿ, ಇರುವುದರಲ್ಲಿ ಹೊಸದನ್ನೇ ಆರಿಸಿ. ಫ್ರಿಜ್‌ನಲ್ಲಿ 2-3 ಗಂಟೆ ಇಟ್ಟು, ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ ಜೊತೆ ಕುಡಿಯಿರಿ. ನಮ್ಮ ಕಡೆಯ ಬಿಳಿ ವೈನ್ ಇಷ್ಟು ಹಿಡಿಸುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಹಸಿ ಹುಲ್ಲು, ನಿಂಬೆ ಸಿಪ್ಪೆಯಂಥ ಇದರ ಘಮ ಹಳೆಯದಾದಂತೆ ಮಂಕಾಗುತ್ತೆ, ಸೆಕೆಯಲ್ಲಿ ಇನ್ನೂ ಬೇಗ. ಜೊತೆಗೆ ಹುಳಿ ತಿಂಡಿ ಇದ್ದರೆ ವೈನಿನ ಹುಳಿ ಚುಚ್ಚುವುದಿಲ್ಲ, ಹಣ್ಣಿನ ರುಚಿ ಮೇಲೆ ಬರುತ್ತೆ. ಖಾರ ಕಮ್ಮಿ ಹಾಕಿದ ಅಂಜಲ್ ಮೀನಿನ ತವಾ ಫ್ರೈಗೂ ಸೈ. ಖಾರದ ಕೋಳಿ ಘೀ ರೋಸ್ಟ್, ಕೋಳಿ ಸುಕ್ಕದ ಜೊತೆ ಮಾತ್ರ ಬೇಡ, ಆಲ್ಕೋಹಾಲ್ ಮೆಣಸಿನ ಉರಿ ಏರಿಸುತ್ತೆ. ಬಿಸಿಲು ಬೀಳುವ ಕಪಾಟಿನಲ್ಲಿ ನಿಂತ ಬಾಟಲಿಯಾದರೆ, ವರ್ಷ ಹೊಸದಿದ್ದರೂ ಬಿಟ್ಟುಬಿಡಿ.