ಅಪ್ಪಾಜಿ ಜೊತೆ ಆಮ್‌ಸ್ಟರ್‌ಡ್ಯಾಮ್ ನಾಲೆಯಲ್ಲಿ ಎರಡು ಗಂಟೆ

ನಮ್ಮ ಅಪ್ಪಾಜಿ ಭದ್ರಾ ಬಲದಂಡೆ ನಾಲೆಯಲ್ಲಿ ಸೌಡಿ ಆಗಿದ್ದವರು. ತೂಬು ಎತ್ತುವುದು, ಇಳಿಸುವುದು, ನೀರಿನ ಮಟ್ಟ ತೋರಿಸುವ ಗೇಜ್ ನೋಡಿ ಬರೆದುಕೊಳ್ಳುವುದು, ರಾತ್ರಿ ಟಾರ್ಚ್ ಹಿಡಿದು ನಾಲೆ ಏರಿ ಮೇಲೆ ಸೈಕಲ್ ತುಳಿಯುವುದು. ದಾವಣಗೆರೆ ಅಂದ್ರೆ ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ಲಕ್ಕವಳ್ಳಿ ಡ್ಯಾಮಿನಿಂದ ಬಿಟ್ಟ ನೀರು ಮೇಲಿನವರನ್ನೆಲ್ಲ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದೇ ಅವರ ಇಡೀ ನೌಕರಿಯ ಚಿಂತೆ. ನಾನು, ನನ್ನ ತಮ್ಮ ಆ ಚಿಂತೆಯನ್ನು ಕೇಳುತ್ತಲೇ ಬೆಳೆದೆವು.

ತಮ್ಮ ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾನೆ. ಹೋದ ಮೇ ತಿಂಗಳು ಅಪ್ಪಾಜಿ, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ವೀಸಾ, ಟಿಕೆಟ್ ಕಥೆ ಎಲ್ಲರಿಗೂ ಗೊತ್ತಿರೋದೇ. ನಾನು ಹೇಳಬೇಕಿರೋದು ಆಮ್‌ಸ್ಟರ್‌ಡ್ಯಾಮ್‌ನ ದೋಣಿ ಬಗ್ಗೆ. ಅದನ್ನು ಒಮ್ಮೆ ತಪ್ಪಾಗಿ, ಒಮ್ಮೆ ಸರಿಯಾಗಿ ಮಾಡಿದೆವು.

ಮೊದಲ ದಿನ ಸ್ಟೇಷನ್ ಎದುರಿಗಿನ ದೊಡ್ಡ ದೋಣಿ ಹತ್ತಿದೆವು. ಮೇಲೆಲ್ಲ ಗಾಜಿನ ಚಾವಣಿ, ಬಸ್ಸಿನ ಹಾಗೆ ಸೀಟು, ಕಿವಿಗೆ ಹೆಡ್‌ಫೋನ್. ಒಂದು ಗಂಟೆ. ಅಗ್ಗ, ಬುಕ್ ಮಾಡೋದೂ ಸುಲಭ. ಆದರೆ ಆ ದನಿ ಮೊದಲೇ ರೆಕಾರ್ಡ್ ಮಾಡಿದ್ದು. ಕನ್ನಡ ಇರಲಿಲ್ಲ. ನಾನು ಕೇಳಿ ಅಪ್ಪಾಜಿಗೆ ಹೇಳುವಷ್ಟರಲ್ಲಿ ದೋಣಿ ಮುಂದಿನ ಸೇತುವೆ ದಾಟಿರುತ್ತಿತ್ತು. ಅಪ್ಪಾಜಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಇಳಿಯುವಾಗ ಒಂದೇ ಮಾತು ಕೇಳಿದರು. "ಈ ನೀರು ಎಲ್ಲಿಂದ ಬರ್ತೈತೆ, ಎಲ್ಲಿಗೆ ಹೋಗ್ತೈತೆ? ಯಾರೂ ಹೇಳ್ಲಿಲ್ಲವಲ್ಲಮ್ಮ."

ನನಗೆ ಕರುಳು ಚುರುಕ್ ಅಂತು. ನಲವತ್ತು ವರ್ಷ ನೀರು ನೋಡಿದ ಮನುಷ್ಯನನ್ನು ನಾಲೆಗಳ ಊರಿಗೆ ಕರೆತಂದು, ಒಂದು ಪ್ರಶ್ನೆ ಕೇಳುವ ಅವಕಾಶವನ್ನೂ ಕೊಡದೆ ವಾಪಸ್ ಕರೆದುಕೊಂಡು ಹೋಗೋದಾ?

ಅವತ್ತು ರಾತ್ರಿಯೇ ತಮ್ಮನೂ ನಾನೂ ಕೂತು ಚಿಕ್ಕ ದೋಣಿ ಹುಡುಕಿದೆವು. ನಮಗೊಬ್ಬರಿಗೇ ಇಡೀ ದೋಣಿ, ನಡೆಸುವವರೇ ಗೈಡ್ ಕೂಡ. ಇಂಥ ದೋಣಿಗೆ ತಲೆ ಲೆಕ್ಕದಲ್ಲಿ ದುಡ್ಡಲ್ಲ, ದೋಣಿ ಲೆಕ್ಕದಲ್ಲಿ. ಹಾಗಾಗಿ ತಮ್ಮನ ಸ್ನೇಹಿತನ ಸಂಸಾರವನ್ನೂ ಸೇರಿಸಿಕೊಂಡೆವು. ಅವರು ಹರಿಹರದವರು. ಒಟ್ಟು ಎಂಟು ಜನ. ಎರಡು ಗಂಟೆಗೆ 320 ಯೂರೋ, ಅಂದ್ರೆ ತಲಾ 40. ಮೊದಲ ದಿನದ ದೋಣಿಗಿಂತ ಜಾಸ್ತಿಯೇ. ಆದರೆ ಈಗ ಯಾರಾದರೂ ಕೇಳಿದರೆ, ಬೇರೆ ಏನನ್ನಾದರೂ ಬಿಡಿ, ಇದಕ್ಕೆ ಖರ್ಚು ಮಾಡಿ ಅಂತಲೇ ಹೇಳ್ತೀನಿ.

ಬುಕ್ ಮಾಡುವ ಮೊದಲು ಮೇಲ್ ಮಾಡಿ ನಾಲ್ಕು ವಿಷಯ ಕೇಳಿದ್ದೆ. ಹತ್ತೋಕೆ ಇಳಿಯೋಕೆ ಮೆಟ್ಟಿಲಿದೆಯಾ, ಯಾಕಂದ್ರೆ ಅಮ್ಮನಿಗೆ ಮಂಡಿ ನೋವು. ಮಳೆ ಬಂದರೆ ಮೇಲೆ ಮುಚ್ಚೋಕೆ ಏನಾದರೂ ಇದೆಯಾ. ಟಾಯ್ಲೆಟ್ ಇದೆಯಾ. ಮತ್ತೆ, ದಾರಿಯನ್ನು ನಾವು ಹೇಳಿದ ಹಾಗೆ ಬದಲಿಸಬಹುದಾ. ಟಾಯ್ಲೆಟ್ ಇಲ್ಲ ಅಂತ ಉತ್ತರ ಬಂತು. ಚಿಕ್ಕ ತೆರೆದ ದೋಣಿಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ, ಆದ್ದರಿಂದ ವಯಸ್ಸಾದವರಿದ್ದರೆ ಹತ್ತುವ ಮೊದಲು ಯಾವುದಾದರೂ ಕೆಫೆಗೆ ಹೋಗಿಬನ್ನಿ. ಆ ನಾಲ್ಕನೇ ಪ್ರಶ್ನೆಯ ಜೊತೆ ಒಂದು ಸಾಲು ಬರೆದಿದ್ದೆ: ನಮ್ಮ ತಂದೆ ನೀರಾವರಿ ನಾಲೆಯಲ್ಲಿ ಕೆಲಸ ಮಾಡಿದವರು, ಅವರಿಗೆ ಮನೆಗಳಿಗಿಂತ ನೀರಿನ ಬಗ್ಗೆ ಕೇಳಬೇಕಿದೆ. ಇಡೀ ದಿನವನ್ನು ಬದಲಿಸಿದ್ದು ಆ ಒಂದು ಸಾಲು.

ಹತ್ತುವ ಜಾಗದಲ್ಲಿ ಎಡವಟ್ಟಾಯ್ತು. ಪ್ರಿನ್ಸೆನ್‌ಗ್ರಾಖ್ತ್ ಅನ್ನೋ ನಾಲೆಯ ಹೆಸರು, ಒಂದು ಮನೆ ನಂಬರ್ ಕೊಟ್ಟಿದ್ದರು. ಗ್ರಾಖ್ತ್ ಅಂದ್ರೆ ಊರೊಳಗಿನ ನಾಲೆ. ಆ ನಾಲೆಗಳಲ್ಲಿ ಒಂದು ದಡದ ಮೇಲೆ ಬೆಸ ನಂಬರ್, ಎದುರು ದಡದ ಮೇಲೆ ಸಮ ನಂಬರ್. ನಾವು ಎದುರು ದಡದಲ್ಲಿ ನಿಂತಿದ್ದೆವು. ದೋಣಿ ಕಣ್ಣಿಗೆ ಕಾಣ್ತಿದೆ, ಸೇತುವೆ ಸುತ್ತಿ ಬರಬೇಕು, ಅಮ್ಮನಿಗೆ ಬೇಗ ನಡೆಯೋಕಾಗಲ್ಲ. ಹದಿನೈದು ನಿಮಿಷ ನಮ್ಮ ಲೆಕ್ಕದಿಂದಲೇ ಹೋಯ್ತು. ನಂಬರ್ ಬೆಸವಾ ಸಮವಾ ಅಂತ ನೋಡಿಕೊಂಡು ಹೋಗಿ.

ಗೈಡ್ ಐವತ್ತು ದಾಟಿದ ಡಚ್ ಹೆಂಗಸು. ಮೊದಲು ಅಮ್ಮನ ಕೈ ಹಿಡಿದು ಕೂರಿಸಿ, ಕಂಬಳಿ ಕೊಟ್ಟು, ಆಮೇಲೆ ಸೀದಾ ಅಪ್ಪಾಜಿ ಹತ್ತಿರ ಬಂದು "ನೀರಿನವರು ನೀವೇನಾ?" ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪಾಜಿ ಎದ್ದು ನಿಂತು ಕೈ ಮುಗಿದರು. ಅವರನ್ನು ಮುಂದೆ, ಚುಕ್ಕಾಣಿ ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಇಬ್ಬರ ಮಧ್ಯೆ.

ದೋಣಿ ಬ್ಯಾಟರಿಯದು. ಸದ್ದೇ ಇಲ್ಲ. ಊರೊಳಗೆ ಗಂಟೆಗೆ 6 ಕಿ.ಮೀ. ಮೀರಬಾರದು ಅಂತ ನಿಯಮ ಇದೆ, ಹೆಚ್ಚೂ ಕಡಿಮೆ ನಮ್ಮ ನಡಿಗೆಯ ವೇಗ. ಮಾತಾಡೋಕೆ ಅದೇ ಸರಿ. ವೆಸ್ಟರ್‌ಕೆರ್ಕ್ ಚರ್ಚಿನ ಪಕ್ಕ ಡೈರಿ ಬರೆದ ಯೆಹೂದಿ ಹುಡುಗಿ ಆನ್ ಫ್ರಾಂಕ್ ನಾಜಿಗಳಿಂದ ಅಡಗಿಕೊಂಡಿದ್ದ ಮನೆ ಬಂತು, ನಂಬರ್ 263. ಗೈಡ್ ಮೋಟಾರ್ ನಿಲ್ಲಿಸಿಬಿಟ್ಟರು. 1942ರ ಜುಲೈಯಿಂದ 1944ರ ಆಗಸ್ಟ್ ವರೆಗೆ ಎಂಟು ಜನ ಅಲ್ಲಿ ಹಿಂಬದಿಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಒಳಗೆ ಹೋದಾಗ ಆನ್‌ಗೆ 13 ವರ್ಷ. ತಮ್ಮನ ಮಗಳಿಗೂ ಈಗ 13. ಅವಳು ಆ ಕಿಟಕಿಗಳನ್ನೇ ನೋಡ್ತಾ ಕೂತಳು. ಒಳಗೆ ಹೋಗಬೇಕು ಅನ್ನುವವರು ಆನ್‌ಲೈನ್ ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು, ಬಾಗಿಲಲ್ಲಿ ಸಿಗೋದಿಲ್ಲ.

ಅಲ್ಲಿಂದ ಮಾಮೂಲು ದಾರಿ ಬಿಟ್ಟು ಉತ್ತರಕ್ಕೆ ಹೋದರು. "ನಿಮ್ಮ ತಂದೆಗೆ ಒಂದು ಕಲ್ಲು ತೋರಿಸಬೇಕು" ಅಂದರು. ಏನ್‌ಹಾರ್ನ್‌ಸ್ಲಾಯ್ಸ್ ಅನ್ನೋ ಹಳೇ ತೂಬುಗಟ್ಟೆ. ಅದರ ಗೋಡೆಯಲ್ಲಿ ಬಿಳಿ ಅಮೃತಶಿಲೆಯ ಒಂದು ಕಲ್ಲು, ಮಧ್ಯೆ ಅಡ್ಡ ಗೀರು. 1675ರಲ್ಲಿ ಸಮುದ್ರ ಉಕ್ಕಿ, ಅದನ್ನು ತಡೆಯುವ ಏರಿಯೇ ಒಡೆದಿತ್ತು. ಆಗ ಊರಿನ ಮೇಯರ್ ಆಗಿದ್ದ ಯೋಹಾನೆಸ್ ಹುಡ್ಡೆ ಗಣಿತ ಬಲ್ಲವರು. 1684ರಲ್ಲಿ ಇಂಥ ಎಂಟು ಕಲ್ಲು ಊರಿನ ತೂಬುಗಳಲ್ಲಿ ಕೂರಿಸಿದರು. ಊರಿನ ನೀರಿನ ಮಟ್ಟದಿಂದ ಒಂಬತ್ತು ಅಡಿ ಐದು ಇಂಚು ಮೇಲೆ ಸಮುದ್ರದ ಏರಿ ಇರಬೇಕು ಅಂತ ಆ ಗೀರು ಹೇಳುತ್ತೆ. ಈಗಿನ ಲೆಕ್ಕದಲ್ಲಿ 2.68 ಮೀಟರ್. ಎಂಟರಲ್ಲಿ ಅಲ್ಲೇ ಉಳಿದಿರೋದು ಇದೊಂದೇ.

ಅಪ್ಪಾಜಿ ಕನ್ನಡಕ ಒರೆಸಿ ಹಾಕಿಕೊಂಡರು. "ಇದು ಗೇಜು" ಅಂದರು. "ನಮ್ಮ ಚಾನಲ್‌ನಾಗೆ ಬಣ್ಣ ಹೊಡೆದಿದ್ದ ಗೇಜು ಎರಡು ಮಳೆಗಾಲಕ್ಕೆ ಅಳಿಸಿ ಹೋಗ್ತಿತ್ತು. ಇವರು ಕಲ್ಲಿನಾಗೆ ಕೆತ್ತಿಬಿಟ್ಟಾರೆ." ಅದನ್ನು ಹೇಳಿದಾಗ ಗೈಡ್ ಜೋರಾಗಿ ತಲೆ ಆಡಿಸಿದರು. ಊರಿಗೆ ಬಂದ ಸಾವಿರ ಜನರಲ್ಲಿ ಆ ಕಲ್ಲನ್ನು ಹೀಗೆ ಓದಿದವರು ಕಡಿಮೆ ಅಂದರು. ಅದು ಬಾಯಿಮಾತಿನ ಹೊಗಳಿಕೆ ಅಂತ ನನಗೆ ಅನ್ನಿಸಲಿಲ್ಲ.

ಬ್ರೌವರ್ಸ್‌ಗ್ರಾಖ್ತ್ ಹಿಡಿದು ಹೇರೆನ್‌ಗ್ರಾಖ್ತ್‌ಗೆ ತಿರುಗಿದೆವು. ದಡದ ತುಂಬ ಹಳೇ ಗೋದಾಮುಗಳು, ಒಂದರ ಮೇಲೊಂದು ದೊಡ್ಡ ಮರದ ಬಾಗಿಲುಗಳು. ಈಗೆಲ್ಲ ಮನೆಗಳು. ಆಗ ದೂರದೇಶದ ಮಾಲು ತುಂಬಿರುತ್ತಿತ್ತು. ಅದರಲ್ಲಿ ನಮ್ಮ ಮಲಬಾರ್ ಕಡೆಯ ಮೆಣಸೂ ಇತ್ತು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದೇ ಆ ಮೆಣಸಿಗಾಗಿ. ಈ ಚೆಂದದ ಮನೆಗಳ ಹಿಂದೆ ಗುಲಾಮರ ವ್ಯಾಪಾರದ ದುಡ್ಡೂ ಇದೆ ಅಂತ ಗೈಡ್ ಮುಚ್ಚುಮರೆ ಇಲ್ಲದೆ ಹೇಳಿದರು. ರೆಕಾರ್ಡ್ ದನಿಯಲ್ಲಿ ಈ ಮಾತು ನಾನು ಕೇಳಿರಲಿಲ್ಲ.

ಅಮ್ಮನಿಗೆ ಮನೆಗಳ ನೆತ್ತಿಯಲ್ಲಿದ್ದ ಕೊಕ್ಕೆಗಳ ಮೇಲೆ ಕಣ್ಣು. ಹೆಚ್ಚಿನ ಮನೆಗಳಿಗೆ ಮೇಲೆ ಒಂದು ತೊಲೆ, ಅದಕ್ಕೊಂದು ಕೊಕ್ಕೆ. ಮನೆ ಅಗಲ ಕಡಿಮೆ, ಮೆಟ್ಟಿಲು ಇಕ್ಕಟ್ಟು. ಮಂಚ, ಬೀರು ಮೆಟ್ಟಿಲಲ್ಲಿ ಹೋಗಲ್ಲ. ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಕಿಟಕಿಯಿಂದ ಒಳಗೆ ಹಾಕ್ತಾರೆ. ಇವತ್ತಿಗೂ. ಅಮ್ಮ ಉಳಿದ ದಾರಿಯುದ್ದಕ್ಕೂ ಯಾರ ಮನೆಗೆ ಕೊಕ್ಕೆ ಇದೆ ಅಂತ ಹರಿಹರದವರ ಮಕ್ಕಳಿಗೆ ತೋರಿಸ್ತಾ ಹೋದರು.

ಹೇರೆನ್‌ಗ್ರಾಖ್ತ್, ಕೈಜರ್ಸ್‌ಗ್ರಾಖ್ತ್, ಪ್ರಿನ್ಸೆನ್‌ಗ್ರಾಖ್ತ್, ಈ ಮೂರು ನಾಲೆಗಳನ್ನು ಅಗೆಯೋಕೆ ಶುರು ಮಾಡಿದ್ದು 1613ರಲ್ಲಿ. ಊರನ್ನು ಅರ್ಧ ಸುತ್ತು ಬಳಸಿದ ಬಳೆಗಳ ಹಾಗೆ. 2010ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಳಗೆ ಗಟ್ಟಿ ನೆಲ ಇಲ್ಲ, ಕೆಸರು. ಅದಕ್ಕೇ ಸುಮಾರು 12 ಮೀಟರ್ ಕೆಳಗಿನ ಮರಳಿನ ಪದರ ಸಿಗುವವರೆಗೆ ಮರದ ಗೂಟ ಹೊಡೆದು ಅದರ ಮೇಲೆ ಮನೆ ಕಟ್ಟಿದ್ದಾರೆ. ಊರ ನಡುವಿನ ಅರಮನೆಯೊಂದಕ್ಕೇ 13,659 ಗೂಟ ಅಂತ ಲೆಕ್ಕ ಹೇಳ್ತಾರೆ.

"ಮರ ಕೊಳೆಯಲ್ವಾ?" ಅಂದ ಹರಿಹರದ ಹುಡುಗ. ಅಪ್ಪಾಜಿ ಗೈಡ್‌ಗಿಂತ ಮೊದಲೇ ಹೇಳಿದರು. "ನೀರಿನಾಗೆ ಮುಳುಗಿದ್ದರೆ ಕೊಳೆಯಲ್ಲ. ನೀರು ಇಳಿದು ಗಾಳಿ ತಾಗಿದ್ರೆ ಕೊಳೀತೈತೆ. ಹಳೇ ಬಾವಿ ಅಡಿಗೆ ಹಾಕಿದ ಮರ ನೋಡಿಲ್ವಾ?" ಗೈಡ್‌ಗೆ ಅದನ್ನು ಹೇಳಿದೆ. ಅದೇ ಕಾರಣಕ್ಕೆ ನಾಲೆಯ ನೀರು ಇಳಿಯೋಕೂ ಬಿಡಲ್ಲ, ಏರೋಕೂ ಬಿಡಲ್ಲ ಅಂದರು. ಆಮ್‌ಸ್ಟರ್‌ಡ್ಯಾಮ್ ಮಟ್ಟ ಅಂತ ಒಂದು ಸೊನ್ನೆ ಗುರುತಿದೆ, ನಾಲೆ ಅದಕ್ಕಿಂತ 40 ಸೆಂಟಿಮೀಟರ್ ಕೆಳಗೆ. ಅದನ್ನು ಹಾಗೇ ಕಾಯಬೇಕು.

ಆಮ್‌ಸ್ಟೆಲ್ ಹೊಳೆಗೆ ಬಂದೆವು. ಈ ಹೊಳೆಗೆ ಕಟ್ಟಿದ ಅಣೆಯಿಂದಲೇ ಊರಿಗೆ ಆ ಹೆಸರು. ದೋಣಿಗೆ ದಾರಿ ಬಿಡಲು ಮೇಲೆತ್ತುವ ಬಿಳಿ ಮರದ ಸೇತುವೆ ಮಾಗೆರೆ ಬ್ರುಗ್ ಕೆಳಗೆ ಹಾದು ಆಮ್‌ಸ್ಟೆಲ್ ತೂಬುಗಳ ಎದುರು ದೋಣಿ ನಿಂತಿತು. 1674ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಅಪ್ಪಾಜಿ ಕಾಯುತ್ತಿದ್ದ ಉತ್ತರ ಅಲ್ಲಿ ಸಿಕ್ಕಿತು. ಆ ಕಾಲದಲ್ಲಿ ಊರ ಕೊಳಕೆಲ್ಲ ನಾಲೆಗೇ ಬೀಳುತ್ತಿತ್ತು, ನೀರು ನಾರುತ್ತಿತ್ತು. ಹೊಳೆಯ ಸಿಹಿನೀರು ಬಿಟ್ಟು ತೊಳೆಯೋಕೆ, ಸಮುದ್ರದ ಉಪ್ಪುನೀರು ಮೇಲಕ್ಕೆ ಬರದ ಹಾಗೆ ತಡೆಯೋಕೆ ಈ ತೂಬು. ಈಗ ತೊಳೆಯುವ ದಿನ ಈ ಗೇಟು ಹಾಕ್ತಾರೆ. ಊರಿನ ಪೂರ್ವಕ್ಕಿರುವ ದೊಡ್ಡ ಕೆರೆಯಂಥ ಜಾಗದಿಂದ ಪಂಪ್ ಮಾಡಿ ನೀರು ಬಿಡ್ತಾರೆ. ಅದು ನಾಲೆಗಳಲ್ಲೆಲ್ಲ ಹಾದು ಪಶ್ಚಿಮಕ್ಕೆ ಹೋಗಿ ಕೊನೆಗೆ ಸಮುದ್ರ ಸೇರುತ್ತೆ. ಬೇಸಿಗೆಯಲ್ಲಿ ಹೆಚ್ಚು ಬಾರಿ ತೊಳೀತಾರೆ.

"ಅಂದ್ರೆ ಇಲ್ಲೂ ಆನ್, ಆಫ್ ಐತೆ" ಅಂದರು ಅಪ್ಪಾಜಿ. ಭದ್ರಾ ನಾಲೆಗೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅಂತ ಮಾಡೋದನ್ನು ನಮ್ಮ ಕಡೆ ಆನ್, ಆಫ್ ಅಂತಲೇ ಕರೆಯೋದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಕೊನೆ ಭಾಗಕ್ಕೆ ನೀರು ಮುಟ್ತದಾ ಅಂತ ಕೇಳಮ್ಮ."

ಕೇಳಿದೆ. ಗೈಡ್‌ಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಅಚ್ಚುಕಟ್ಟು, ಮೇಲಿನ ರೈತರು, ಕೆಳಗಿನ ರೈತರು, ಎಲ್ಲ ವಿವರಿಸಿದೆ. ಆಗ ಅವರು ಚುಕ್ಕಾಣಿ ಬಿಟ್ಟು ಅಪ್ಪಾಜಿ ಕಡೆ ತಿರುಗಿ ಕೂತರು. "ನಮ್ಮಲ್ಲಿ ಕಷ್ಟ ತಿರುಗುಮುರುಗು" ಅಂದರು. ದೇಶದ ಕಾಲು ಭಾಗಕ್ಕಿಂತ ಜಾಸ್ತಿ ನೆಲ ಸಮುದ್ರಕ್ಕಿಂತ ಕೆಳಗಿದೆ. ಎಲ್ಲರಿಗಿಂತ ಕೆಳಗಿರುವ ರೈತನಿಗೆ ನೀರು ಬಾ ಅನ್ನದೆಯೇ ಬರುತ್ತೆ. ಅವನು ಹಗಲೂ ರಾತ್ರಿ ಅದನ್ನು ಹೊರಗೆ ಹಾಕಬೇಕು. ಹಳೇ ಗಾಳಿಯಂತ್ರಗಳು ಮಾಡುತ್ತಿದ್ದ ದೊಡ್ಡ ಕೆಲಸವೂ ಅದೇ. 1953ರಲ್ಲಿ ಏರಿ ಒಡೆದು 1,836 ಜನ ಸತ್ತರು ಅಂದಾಗ ಅವರ ದನಿ ಇಳಿಯಿತು. ಅಪ್ಪಾಜಿ "ಅಯ್ಯೋ ಶಿವನೇ" ಅಂದರು. ಅದನ್ನು ಮಾತ್ರ ನಾನು ಅನುವಾದ ಮಾಡಬೇಕಾಗಲಿಲ್ಲ.

ಹತ್ತಿದ ಜಾಗಕ್ಕೇ ವಾಪಸ್ ಬಿಡಬೇಕಿತ್ತು. ಗೈಡ್ ತಾವಾಗೇ ನಮ್ಮನ್ನು ನಗರಸಭೆ ಕಟ್ಟಡದ ಹತ್ತಿರ ಇಳಿಸಿದರು. ಒಳಗೆ ಆ ಸೊನ್ನೆ ಮಟ್ಟದ ಗುರುತಿದೆ, ಒಂದು ಕಂಚಿನ ಬೋಲ್ಟು. ಪಕ್ಕದಲ್ಲಿ ನೀರು ತುಂಬಿದ ಗಾಜಿನ ಕಂಬಗಳು. ಎರಡರಲ್ಲಿ ಸಮುದ್ರದ ಈಗಿನ ಮಟ್ಟ, ಒಂದರಲ್ಲಿ 1953ರ ಪ್ರವಾಹ ಏರಿದ ಎತ್ತರ, ಸೊನ್ನೆ ಮಟ್ಟದಿಂದ 4.55 ಮೀಟರ್, ನಮ್ಮ ತಲೆಗಿಂತ ಮೇಲೆ. ನೋಡೋಕೆ ದುಡ್ಡು ಕೊಡಬೇಕಾಗಿಲ್ಲ. ಅಪ್ಪಾಜಿ ಆ ಬೋಲ್ಟಿನ ಮೇಲೆ ಅಂಗೈ ಇಟ್ಟು ನಿಂತರು, ಸೂಳೆಕೆರೆಯಲ್ಲಿ ಸಿದ್ದನ ತೂಬಿನ ಕಲ್ಲು ಮುಟ್ಟುವ ಹಾಗೆ.

ಹೊರಗೆ ಬಂದ ತಕ್ಷಣ ಊರಿಗೆ ಫೋನ್. ಅಲ್ಲಿ ಸಂಜೆ ಆರು, ದಾವಣಗೆರೆಯಲ್ಲಿ ರಾತ್ರಿ ಒಂಬತ್ತೂವರೆ. ಆ ಕಡೆ ಇದ್ದವರು ಅಪ್ಪಾಜಿ ಜೊತೆ ಕೆಲಸ ಮಾಡಿದ ಹಳೇ ಸೌಡಿ. ಕಲ್ಲು, ಗೀರು, ಗೂಟ, ತೊಳೆಯೋದು, ಅಪ್ಪಾಜಿ ಎಲ್ಲ ಹೇಳಿದರು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು, ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. "ಗೇಟಿನ ಕೀಲಿ ಯಾರ ಕೈಯಾಗೆ ಇರ್ತೈತಂತೆ?"

ಅಪ್ಪಾಜಿ ನನ್ನ ಮುಖ ನೋಡಿದರು. ಅದನ್ನು ನಾವು ಕೇಳಿರಲಿಲ್ಲ.

ರಾತ್ರಿ ಗೈಡ್‌ಗೆ ಮೇಲ್ ಮಾಡಿದೆ. ಬೆಳಿಗ್ಗೆ ಉತ್ತರ ಬಂದಿತ್ತು. ಅಲ್ಲಿ ನೀರಿಗೇ ಬೇರೆ ಮಂಡಳಿಗಳಿವೆ, ಕೆಲವು 13ನೇ ಶತಮಾನದಿಂದ ಬಂದವು. ಅವಕ್ಕೆ ತಮ್ಮದೇ ತೆರಿಗೆ. ನಾಲ್ಕು ವರ್ಷಕ್ಕೊಮ್ಮೆ ಜನ ಆ ಮಂಡಳಿಗೆ ಓಟು ಹಾಕ್ತಾರೆ. ಅಪ್ಪಾಜಿ ನನ್ನಿಂದ ಅದನ್ನು ಎರಡು ಸಲ ಓದಿಸಿದರು. ಕಾಫಿ ಪಕ್ಕಕ್ಕಿಟ್ಟು ಮತ್ತೆ ಊರಿಗೆ ಫೋನ್ ಹಚ್ಚಿದರು.