ಲಿನಕ್ಸ್‌ಗೆ ಹೊಂದುವ ಡಾಂಗಲ್ ನನಗೆ ಸಿಕ್ಕಿದ್ದು ಹೀಗೆ

ಕಲಬುರಗಿಯ ಆಳಂದ ರಸ್ತೆಯಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಹೋಯಿತು. ಲ್ಯಾಪ್‌ಟಾಪ್ ಇನ್ನೂ ಎರಡು ತಾಸು ನಡೆಯುತ್ತದೆ, ಆದರೆ ನೆಟ್ ಇಲ್ಲ. ಹಳ್ಳಿಯಿಂದ ಬಸ್ಸಿಗೆ ಬಂದವರು ಪಹಣಿ, ಆಧಾರ್ ಪ್ರತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತೇ ಇರುತ್ತಾರೆ. ಅದನ್ನು ನೋಡಲಾಗದೆ ಒಂದು ಡಾಂಗಲ್, ಅಂದರೆ ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಹಚ್ಚಿದರೆ ನೆಟ್ ಕೊಡುವ ಯುಎಸ್‌ಬಿ ಕಡ್ಡಿ, ತಗೋಬೇಕು ಅಂದುಕೊಂಡೆ. ತೊಡಕು ಏನಂದ್ರೆ, ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಅದರ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್.

ಮೊದಲು ಗೆಳೆಯನ ಮನೆಯಲ್ಲಿ ಸುಮ್ನೆ ಬಿದ್ದಿದ್ದ 3ಜಿ ಡಾಂಗಲ್ ತಂದೆ. ಹಚ್ಚಿದರೆ ಪರದೆ ಮೇಲೆ ಸಿಡಿ ಚಿತ್ರ ಬಂತು, ಒಳಗೆ ವಿಂಡೋಸ್ ಸೆಟಪ್ ಫೈಲು. ಡಾಂಗಲ್ ಕೆಟ್ಟಿದೆ ಅಂತಲ್ಲ. ಇಂಥವು ಮೊದಲು ಸಿಡಿ ಡ್ರೈವ್ ಆಗಿ ಕಾಣಿಸುತ್ತವೆ, ಕಂಪ್ಯೂಟರ್ ಒಂದು ಸಂದೇಶ ಕಳಿಸಿದ ಮೇಲೆ ಮೋಡೆಮ್, ಅಂದರೆ ನೆಟ್ ಹಿಡಿಯುವ ಸಾಧನ, ಆಗುತ್ತವೆ. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವುದು ಯುಎಸ್‌ಬಿ ಮೋಡ್‌ಸ್ವಿಚ್ ಅನ್ನುವ ಪ್ಯಾಕೇಜ್. ಅದನ್ನು ಹಾಕಿದೆ, ಮೋಡೆಮ್ ಆಯಿತು. ಆದರೂ ನೆಟ್ ಬರಲಿಲ್ಲ! ಅರ್ಧ ದಿನ ಎಪಿಎನ್ (ಸಿಮ್ ಕಂಪನಿಯ ನೆಟ್‌ಗೆ ಸೇರಲು ಹಾಕುವ ಹೆಸರು) ಬದಲಿಸುತ್ತಾ ಕೂತ ಮೇಲೆ ಹೊಳೆಯಿತು, ನಾನು ಹಾಕಿದ್ದು ಜಿಯೋ ಸಿಮ್. ಜಿಯೋ ಶುರುವಾದದ್ದೇ 4ಜಿಯಿಂದ, 3ಜಿ ಅದರಲ್ಲಿ ಇಲ್ಲವೇ ಇಲ್ಲ.

ಮರುದಿನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಊರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ, ಡಾಂಗಲ್ ಮಾರುವ ಅಂಗಡಿಗೆ ಹೋದೆ. "ಲಿನಕ್ಸ್‌ನಾಗ ನಡೀತದೇನ್ರಿ?" ಅಂದೆ. "ಅದು ಗೊತ್ತಿಲ್ರಿ ಸರ, ಹಚ್ಚಿ ನೋಡ್ರಿ, ನಡೆದ್ರ ಒಯ್ಯಿರಿ" ಅಂದರು ಅಂಗಡಿಯವರು. ನನಗೆ ಬೇಕಾಗಿದ್ದೂ ಅದೇ.

ಡಾಂಗಲ್‌ನಲ್ಲಿ ಎರಡು ಜಾತಿ. ಒಂದು ಲ್ಯಾಪ್‌ಟಾಪಿಗೆ ಸೀರಿಯಲ್ ಪೋರ್ಟ್ (ಹಳೇ ಕಾಲದ ಮೋಡೆಮ್ ಹಚ್ಚುವಂಥ ಜೋಡಣೆ) ಆಗಿ ಕಾಣುತ್ತದೆ, ಅದಕ್ಕೆ ಡಯಲ್ ಮಾಡಬೇಕು, ಎಪಿಎನ್ ಹಾಕಬೇಕು, ಲಿನಕ್ಸ್‌ನ ಮೋಡೆಮ್ ಮ್ಯಾನೇಜರ್ ಅನ್ನುವ ಪ್ರೋಗ್ರಾಂ ಅದನ್ನು ಗುರುತು ಹಿಡಿಯಬೇಕು. ಇನ್ನೊಂದು ನೆಟ್‌ವರ್ಕ್ ಕಾರ್ಡ್ ಆಗಿಯೇ ಕಾಣುತ್ತದೆ, ಡಯಲ್ ಮಾಡುವುದೆಲ್ಲ ಅದರೊಳಗೇ ಆಗುತ್ತದೆ. ಲಿನಕ್ಸ್ ಇರುವವರು ಕಣ್ಣುಮುಚ್ಚಿ ಎರಡನೆಯದನ್ನು ತಗೊಳ್ಳಿ.

ಅಲ್ಲಿ ಸಿಕ್ಕಿದ್ದು ಹುವಾವೇ ಇ3372ಎಚ್. ಹಚ್ಚಿದ್ದೆಲ್ಲ ಸಾಲು ಸಾಲಾಗಿ ದಾಖಲಾಗುವ ಲಿನಕ್ಸ್‌ನ ಕರ್ನಲ್ ಲಾಗ್ ತೆರೆದಿಟ್ಟು ಹಚ್ಚಿದೆ. ಮೊದಲು ಪ್ರಾಡಕ್ಟ್ ಐಡಿ (ಸಾಧನದ ಗುರುತಿನ ಸಂಖ್ಯೆ) 1ಎಫ್01 ಅಂತ ಬಂತು, ಅಂದರೆ ಸಿಡಿ. ಕ್ಷಣದಲ್ಲಿ ಡಿಸ್‌ಕನೆಕ್ಟ್ ಅಂತ ಒಂದು ಸಾಲು, ಮತ್ತೆ ಕಾಣಿಸಿಕೊಂಡಾಗ 14ಡಿಸಿ, ಅಂದರೆ ನೆಟ್‌ವರ್ಕ್ ಕಾರ್ಡ್. ಅದರ ಕೆಳಗೇ ಸಿಡಿಸಿ ಈಥರ್ ಡ್ರೈವರ್ ಹೆಸರು. ಈ ಡ್ರೈವರ್ ಲಿನಕ್ಸ್‌ನಲ್ಲೇ ಇರುತ್ತದೆ, ಬೇರೆ ಡ್ರೈವರ್ ಇಳಿಸಬೇಕಿಲ್ಲ. ಪ್ಯಾನೆಲ್‌ನಲ್ಲಿ ವೈರ್ ಕನೆಕ್ಷನ್ ಬಂತು, ಬ್ರೌಸರ್‌ನಲ್ಲಿ 192.168.8.1 ಹೊಡೆದರೆ ಡಾಂಗಲ್‌ನ ಪುಟ ತೆರೆಯಿತು. ದುಡ್ಡು ಕೊಟ್ಟೆ.

ಕೊಡುವ ಮೊದಲು ಇನ್ನೆರಡು ನೋಡಿದ್ದೆ. ಒಂದು, ಯಾವುದೋ ಒಂದೇ ಕಂಪನಿ ಸಿಮ್‌ಗೆ ಲಾಕ್ ಆಗಿದೆಯಾ ಅಂತ. ಇನ್ನೊಂದು, ಬ್ಯಾಂಡ್, ಅಂದರೆ ಸಿಗ್ನಲ್ ಬರುವ ತರಂಗಗಳ ಪಟ್ಟಿ. ಜಿಯೋ 4ಜಿಗೆ 3, 5, 40 ಬ್ಯಾಂಡ್‌ಗಳಿವೆ. ಇ3372ಎಚ್‌ನಲ್ಲೇ ಹಲವು ಬಗೆ ಬರುತ್ತವೆ, ಹೆಸರಿನ ಕೊನೆಗೆ 153 ಇರುವುದರಲ್ಲಿ 40 ಇಲ್ಲ, 607ರಲ್ಲಿ ಇದೆ. ನಾನು 607 ತಗೊಂಡೆ.

ಅಂಗಡಿಗೆ ಬಂದರೆ ಹೊಸ ಕಿರಿಕಿರಿ. ನಮ್ಮದು ತಗಡಿನ ಛಾವಣಿ, ಒಳಗೆ ಸಿಗ್ನಲ್ ಒಂದೇ ಕಡ್ಡಿ. ಉದ್ದದ ಎಕ್ಸ್‌ಟೆನ್ಷನ್ ವೈರ್ ಹಾಕಿ ಕಿಟಕಿಗೆ ಕಟ್ಟಿದೆ, ಸಿಗ್ನಲ್ ಬಂತು, ಆದರೆ ಫೈಲ್ ಅಪ್‌ಲೋಡ್ ಮಾಡುವಾಗೆಲ್ಲ ಡಾಂಗಲ್ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಸಾಫ್ಟ್‌ವೇರ್ ತಪ್ಪು ಅಂತ ಎರಡು ದಿನ ಹುಡುಕಿದೆ. ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತಿತ್ತು, ಅಷ್ಟೇ. ಒಂದು ಮೀಟರಿನ ದಪ್ಪ ವೈರ್ ತಂದು, ನನ್ನ ಮೇಜನ್ನೇ ಕಿಟಕಿ ಹತ್ತಿರ ಸರಿಸಿದೆ. ಈಗ ಕರೆಂಟ್ ಹೋದರೂ ಅರ್ಜಿ ಹೋಗುತ್ತವೆ.