ಗರಸು ಅಗೆದ ಜಾಗಕ್ಕೆ ಮೊದಲು ಹುಲ್ಲು, ಆಮೇಲೆ ಗಿಡ

ಬೀದರ್ ಕಡೆ ರಸ್ತೆಗೋ ಮನೆ ಪಾಯಕ್ಕೋ ಗರಸು ಅಗೆದು ಬಿಟ್ಟ ಜಾಗ ಬೇಕಾದಷ್ಟಿವೆ. ಮೇಲ್ಮಣ್ಣು ಹೋಗಿ ಕೆಂಪು ಜಂಬಿಟ್ಟಿಗೆ ಬಯಲಾಗಿರುತ್ತದೆ. ಮಳೆ ಬಂದಾಗಲೆಲ್ಲ ಅಂಚು ಕುಸಿದು ಪಕ್ಕದ ಹೊಲವನ್ನೂ ತಿನ್ನುತ್ತದೆ. ಇಂಥದೇ ಒಂದು ತುಂಡು ನೆಲದಲ್ಲಿ ನಾನು ಮೊದಲ ವರ್ಷ ಸೀದಾ ಬೇವಿನ ಸಸಿ ನೆಟ್ಟೆ. ಬೇಸಿಗೆಗೆ ಗುಂಡಿ ಉಳಿದವು, ಸಸಿ ಉಳಿಯಲಿಲ್ಲ. ಬೀದರ್ ಕೋಟೆಯ ಕಂದಕ ತೋಡಿದ್ದು ಇದೇ ಕಲ್ಲನ್ನು ಕಡಿದು. ಅದರೊಳಗೆ ಎಳೆ ಬೇರು ಸುಮ್ನೆ ಇಳಿಯುತ್ತದಾ?

ನೀರಿಗೆ ತಡೆ

ಕೆಲಸ ಬೇಸಿಗೆಯಲ್ಲೇ ಶುರುವಾಗಲಿ. ಹಿಂದಿನ ಮಳೆಗೆ ಬಿದ್ದ ಕೊರಕಲುಗಳ ಗುರುತು ಹಿಡಿದು ಮೇಲಕ್ಕೆ ನಡೆಯಿರಿ. ನೀರು ಒಳಗೆ ನುಗ್ಗುವ ಜಾಗ ಸಿಗುತ್ತದೆ. ಅಲ್ಲೊಂದು ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಗೋಡೆಯಂತೆ ನಿಂತ ಅಂಚನ್ನು ಕಡಿದು ಇಳಿಜಾರು ಮಾಡಿ. ಒಂದು ಅಡಿ ಎತ್ತರಕ್ಕೆ ಎರಡರಿಂದ ಮೂರು ಅಡಿ ಅಗಲ ಇರಲಿ.

ಆಮೇಲೆ ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಅಡಿ ಆಳದ ತೋಡುಗಳು. ಕಣ್ಣಳತೆ ನಂಬಬೇಡಿ. ಗೌಂಡಿಗಳ ಲೆವೆಲ್ ಪೈಪು ಇದ್ದರೆ ಸಾಕು. ಅದರಲ್ಲಿ ಸಮಮಟ್ಟದ ಗೆರೆ ಹಾಕಿಕೊಳ್ಳಿ. ಗೆರೆ ಒಂದು ಕಡೆ ಇಳಿದರೆ ನೀರೆಲ್ಲ ಅಲ್ಲಿಗೇ ಓಡಿ ಹೊಸ ಕೊರಕಲು ಬೀಳುತ್ತದೆ. ಅಗೆದ ಮಣ್ಣನ್ನು ಕೆಳಬದಿಗೆ ಏರಿಸಿ.

ಕೊರಕಲಿಗೆ ಕಲ್ಲಿನ ತಡೆ ಕಟ್ಟುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ನಡುವೆ ಎತ್ತರ ಮಾಡಿಬಿಡುತ್ತಾರೆ. ಆಗ ನೀರು ಪಕ್ಕದ ದಡ ಕೊರೆದು ದಾರಿ ಮಾಡಿಕೊಳ್ಳುತ್ತದೆ. ನಡುವೆ ತಗ್ಗು, ಬದಿಗೆ ಎತ್ತರ ಇರಬೇಕು.

ಮಣ್ಣು, ಬೀಜ

ಕೆರೆ ಹೂಳು, ತಿಪ್ಪೆಗೊಬ್ಬರ ಕಲಸಿ ಎರಡು ಮೂರು ಇಂಚು ಹರಡಿ. ಇಡೀ ಜಾಗಕ್ಕೆ ಸಾಲದಿದ್ದರೆ ತೋಡಿನ ಏರಿಗಷ್ಟೇ ಹಾಕಿ. ತೊಗರಿ ಕಟ್ಟಿಗೆಯನ್ನು ಇಳಿಜಾರಿಗೆ ಅಡ್ಡ ಮಲಗಿಸಿ ಗೂಟ ಹೊಡೆಯಿರಿ. ಜೋಳದ ಕಣಿಕಿ ಬೇಡ, ದನಗಳಿಗೆ ಕರೆದು ಊಟ ಹಾಕಿದಂತೆ!

ಜೂನ್‌ನ ಮಿರಗದ (ಮೃಗಶಿರಾ) ಮಳೆಗೆ ನೆಲ ನೆನೆದ ಮೇಲೆ ಬಿತ್ತನೆ. ಅಂಜನ ಹುಲ್ಲು, ಸ್ಟೈಲೋ ಎಂಬ ದ್ವಿದಳ ಮೇವಿನ ಬೆಳೆ, ಜೊತೆಗೆ ತಂಗಡಿ. ಅಂಜನದ ಹೊಸ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದೇ ಒಳ್ಳೆಯದು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ. ಬೀಜಗಳನ್ನು ಹಸಿ ಮರಳಿನಲ್ಲಿ ಕಲಸಿ ಚೆಲ್ಲಿದರೆ ಗಾಳಿಗೆ ಹಾರುವುದಿಲ್ಲ. ಮೇಲೆ ಮಣ್ಣು ಜಾಸ್ತಿ ಎಳೆಯಬೇಡಿ. ಬೇವಿನ ಕಂಟಿಯಿಂದ ಒಮ್ಮೆ ಗುಡಿಸಿದಂತೆ ಎಳೆದರೆ ಸಾಕು.

ನೀರು ಜೋರಾಗಿ ಬರುವ ಕಡೆ ಲಾವಂಚ ನೆಡಿ. ಬುಡದಿಂದ ಬುಡಕ್ಕೆ ಆರು ಇಂಚು ಮೀರಬಾರದು.

ಗಿಡ ಎರಡನೇ ವರ್ಷಕ್ಕೆ

ಅಷ್ಟರಲ್ಲಿ ತೋಡಿನಲ್ಲಿ ಒಂದಿಷ್ಟು ಮಣ್ಣು ನಿಂತಿರುತ್ತದೆ. ಅಲ್ಲಿ ಬೇವು, ಬಾರೆ, ಮುತ್ತುಗ, ಸೀತಾಫಲ ಹಾಕಿ. ಸೀತಾಫಲದ ಎಲೆಗೆ ಆಡು ಬಾಯಿ ಹಾಕುವುದಿಲ್ಲ. ಬೇವಿನ ಬೀಜ ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ತಾಜಾ ಆಯ್ದು ಊರಿ. ಬಳ್ಳಾರಿ ಜಾಲಿ ಬೇಗ ಹಸಿರಾಗುತ್ತದೆ ನಿಜ. ಆದರೆ ಆಮೇಲೆ ಹೊಲಕ್ಕೂ ನುಗ್ಗುತ್ತದೆ. ನಾನಂತೂ ಹಾಕುವುದಿಲ್ಲ.

ಎರಡು ವರ್ಷ ಕುರಿ, ಆಡು ಒಳಗೆ ಬಿಡಬೇಡಿ. ಸುತ್ತ ಮುಳ್ಳುಕಂಟಿ ಒತ್ತಿ. ಹುಲ್ಲು ಬೇಕೆಂದವರು ಕೊಯ್ದುಕೊಂಡು ಹೋಗಲಿ, ಆದರೆ ಬೀಜ ಉದುರಿದ ಮೇಲೆ.